ಗಾಜಿನ ಪೆಟ್ಟಿಗೆಯ ಜರೀಗಿಡ

ಮನೆಯ ಒಳಗೆ ಗಿಡವನ್ನಿರಿಸಿ ಸಾಕುವ ರೂಢಿ ನಮ್ಮಲ್ಲಿ ಬಹಳ ಹಳೆಯದೇನಲ್ಲ. ತುಳಸಿಗೆ ಅಂಗಳದಲ್ಲಿ ಕಟ್ಟೆಯಿತ್ತು. ಮಲ್ಲಿಗೆಗೆ ಬಾವಿಯ ಬದಿಯಲ್ಲಿ ಚಪ್ಪರವಿತ್ತು. ಕಾಳಿದಾಸನ ಶಕುಂತಲೆ ಸೋದರಿಯೆಂದು ಬಗೆದ ಬಳ್ಳಿಯೂ ಆಶ್ರಮದ ನೆಲದಲ್ಲಿ ಬೇರೂರಿದ್ದುದೇ ಹೊರತು ಪರ್ಣಶಾಲೆಯೊಳಗಿನ ಕುಂಡದಲ್ಲಲ್ಲ. ಇಂದು ನಗರಗಳಲ್ಲಿ ಅಂಗಳ ಕರಗಿತು. ಗಿಡ ನಡುಮನೆಗೆ ಬಂದಿತು. ಬದುಕೆಲ್ಲ ಕನ್ನಡ ಪಾಠ ಹೇಳಿದ ನಾನು ಸಸ್ಯವಿಜ್ಞಾನಿಯಲ್ಲ. ಆದರೆ ಪದವೊಂದರ ಅರ್ಥ ತಿಳಿಯಬೇಕಾದರೆ ಅದು ಎಲ್ಲಿಂದ ಬಂತೆಂದು ಕೇಳುವುದು ನನ್ನ ಕಸುಬಿನ ಅಭ್ಯಾಸ. ಅದೇ ಪ್ರಶ್ನೆಯನ್ನು ಕುಂಡದ ಗಿಡದ ಮುಂದೆಯೂ ಇಡಬಹುದೆಂದು ನನಗೆ ತೋರುತ್ತದೆ.

ಈ ಕಥೆಗೆ ಮೂಲಪುರುಷ ನಥಾನಿಯಲ್ ಬ್ಯಾಗ್‌ಷಾ ವಾರ್ಡ್ ಎಂಬ ಲಂಡನ್ನಿನ ವೈದ್ಯ. ಆತನಿಗೆ ಜರೀಗಿಡಗಳೆಂದರೆ ಪ್ರಾಣ. ಆದರೆ ಕಲ್ಲಿದ್ದಲ ಹೊಗೆ ಕವಿದ ಆ ನಗರದಲ್ಲಿ ಅವು ಬದುಕುತ್ತಿರಲಿಲ್ಲ. 1829ರಲ್ಲಿ ಆತ ಪತಂಗವೊಂದರ ಕೋಶವನ್ನು ತೇವದ ಮಣ್ಣಿನಲ್ಲಿ ಹುಗಿದು, ಗಾಜಿನ ಸೀಸೆಯೊಳಗಿಟ್ಟು ಮುಚ್ಚಿದ. ಪತಂಗಕ್ಕಾಗಿ ಕಾಯುತ್ತಿರುವಾಗ ಆ ಮಣ್ಣಿನಲ್ಲಿ ಒಂದು ಜರೀಗಿಡವೂ ಒಂದು ಹುಲ್ಲೂ ತಾವಾಗಿ ಮೊಳೆತವು. ಹಗಲು ಮಣ್ಣಿನಿಂದೆದ್ದ ಆವಿ ಗಾಜಿಗೆ ತಗುಲಿ ಹನಿಯಾಗಿ ಮರಳಿ ಮಣ್ಣಿಗೇ ಇಳಿಯುತ್ತಿತ್ತು. ಯಾರೂ ನೀರೆರೆಯದೆ ಅವು ಸುಮಾರು ನಾಲ್ಕು ವರ್ಷ ಬದುಕಿದವು. ಕಡೆಗೆ ಮುಚ್ಚಳ ತುಕ್ಕುಹಿಡಿದು, ಮಳೆಯ ನೀರು ಒಳನುಗ್ಗಿ, ಕೊಳೆತು ಸತ್ತವು.

ಹಡಗಿನಲ್ಲಿ ಗಿಡ ಸಾಗಿಸುವುದು ಆಗ ಎಂಥ ಕಷ್ಟವೆಂದರೆ, ಚೀನಾದಿಂದ ಇಂಗ್ಲೆಂಡಿಗೆ ಒಂದು ಗಿಡ ಜೀವಸಹಿತ ತಲುಪಬೇಕಾದರೆ ಸಾವಿರ ಗಿಡಗಳು ಸಾಯುತ್ತವೆಂದು ಮಕಾವಿನಲ್ಲಿದ್ದ ವೈದ್ಯನೊಬ್ಬ 1819ರಲ್ಲಿ ಲೆಕ್ಕ ಹಾಕಿದ್ದ. ಉಪ್ಪುಗಾಳಿ, ಬಿಸಿಲು, ಸಿಹಿನೀರಿನ ಅಭಾವ ಇವೇ ಕಾರಣ. ವಾರ್ಡ್ 1833ರಲ್ಲಿ ಎರಡು ಗಾಜಿನ ಪೆಟ್ಟಿಗೆಗಳಲ್ಲಿ ಜರೀಗಿಡಗಳನ್ನೂ ಹುಲ್ಲನ್ನೂ ತುಂಬಿ ಸಿಡ್ನಿಗೆ ಕಳುಹಿಸಿದ. ಅವು ಹಸಿರಾಗಿಯೇ ತಲುಪಿದವು. ಮರುಪಯಣದಲ್ಲಿ ಆಸ್ಟ್ರೇಲಿಯದ ಗಿಡಗಳೂ ಹಾಗೆಯೇ ಲಂಡನ್ನಿಗೆ ಬಂದಿಳಿದವು. 1842ರಲ್ಲಿ ಆತ ಈ ವಿಧಾನವನ್ನು ಕುರಿತು ಪುಸ್ತಕವನ್ನೇ ಬರೆದ. 1845ರಲ್ಲಿ ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಯಿತು. ಗಾಜಿನ ಪೆಟ್ಟಿಗೆ ಮಧ್ಯಮವರ್ಗದ ದಿವಾನಖಾನೆಯ ಭೂಷಣವಾಯಿತು. ಬೆಳಕು ಕಡಮೆಯಾಗಿ ಅನಿಲದೀಪದ ಹೊಗೆ ತುಂಬಿದ ಕೋಣೆಗಳಲ್ಲಿ, ಪೂರ್ವ ಏಷ್ಯದ ಕಾಡಿನ ನೆರಳಿಗೆ ಒಗ್ಗಿದ್ದ ಆಸ್ಪಿಡಿಸ್ಟ್ರ ಪೆಟ್ಟಿಗೆಯ ಹಂಗಿಲ್ಲದೆಯೇ ಬಾಳಿತು. 1889ರಲ್ಲಿ ನಮ್ಮ ಲಾಲ್‌ಬಾಗಿನಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯೂ ಆ ಕಾಲದ ಗಾಜಿನ ಮೋಹಕ್ಕೆ ಸಾಕ್ಷಿ.

ಆದರೆ ಅಂದವೊಂದೇ ಆ ಪೆಟ್ಟಿಗೆಯಲ್ಲಿ ಪಯಣಿಸಲಿಲ್ಲ. ರಾಬರ್ಟ್ ಫಾರ್ಚೂನ್ 1848ರಿಂದ 1851ರ ಅವಧಿಯಲ್ಲಿ ಚೀನಾದ ಚಹಾಗಿಡಗಳನ್ನು ಹಿಮಾಲಯದ ತಪ್ಪಲಿಗೆ ತಂದುದು ಇಂಥ ಪೆಟ್ಟಿಗೆಗಳಲ್ಲೇ. 1860ರ ದಶಕದ ಆರಂಭದಲ್ಲಿ ದಕ್ಷಿಣ ಅಮೆರಿಕದ ಸಿಂಕೋನ ನೀಲಗಿರಿಗೆ ಬಂತು. 1876ರಲ್ಲಿ ರಬ್ಬರಿನ ಸಸಿಗಳು ಸಿಂಹಳಕ್ಕೆ ಹೋದವು. ಒಬ್ಬ ವೈದ್ಯನ ಜರೀಗಿಡದ ಹಂಬಲ ಒಂದು ಸಾಮ್ರಾಜ್ಯದ ಬೊಕ್ಕಸಕ್ಕೆ ಕೀಲಿಕೈಯಾಯಿತು. ಮಣ್ಣಿನೊಡನೆ ಕೀಟಗಳೂ ರೋಗಗಳೂ ಗಡಿ ದಾಟಿದವು.

ಅಂದಕ್ಕಾಗಿ ತಂದದ್ದು ಆಪತ್ತಾಗುವುದಕ್ಕೆ ನಿದರ್ಶನ ಹುಡುಕಿ ದೂರ ಹೋಗಬೇಕಾಗಿಲ್ಲ. ವಾರ್ಡನ ಪೆಟ್ಟಿಗೆಗಿಂತ ಮೊದಲೇ, 19ನೆಯ ಶತಮಾನದ ಆದಿಯಲ್ಲಿ, ಅಮೆರಿಕದ ಉಷ್ಣವಲಯದ ಲಂಟಾನ ಚೆಲುವಾದ ಹೂವಿಗಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತ್ತು. ಇಂದು ಅದು ಬಂಡೀಪುರದ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಪೊದೆಪೊದೆಯಾಗಿ ಹಬ್ಬಿ, ಜಿಂಕೆಗಳು ಮೇಯುವ ಹುಲ್ಲನ್ನು ಅಡಗಿಸಿದೆ. ಹೂದೋಟದ ಬೇಲಿ ದಾಟಿದ ಗಿಡವನ್ನು ಹಿಂದಕ್ಕೆ ಕರೆಯಲು ಯಾರಿಂದಲೂ ಆಗಲಿಲ್ಲ.

ಆದ್ದರಿಂದ ಗಿಡ ಕೊಳ್ಳುವ ಮುನ್ನ ಅದರ ಊರು ಯಾವುದೆಂದು ಕೇಳೋಣ. ಆರೈಕೆಯ ಅರ್ಧ ಉತ್ತರ ಅಲ್ಲೇ ಇದೆ. ಮನಿ ಪ್ಲಾಂಟಿನ ತವರು ಶಾಂತಸಾಗರದ ಮೊರೆಯಾ ದ್ವೀಪ. ಮರದ ನೆರಳಿನಲ್ಲಿ ಮೇಲೇರುವ ಆ ಬಳ್ಳಿಗೆ ಕಿಟಕಿಯ ಪಕ್ಕದ ಸೋಸಿದ ಬೆಳಕು ಹಿತ, ನೆತ್ತಿಯ ಬಿಸಿಲು ಅಹಿತ. ಪಶ್ಚಿಮ ಆಫ್ರಿಕದ ಸಾನ್ಸೆವೇರಿಯ ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಮಣ್ಣು ಪೂರ್ತಿ ಒಣಗಿದ ಮೇಲೆ ನೀರುಣಿಸಿದರೆ ಸಾಕು. ಜರೀಗಿಡಕ್ಕೆ ತಂಪೂ ತೇವವೂ ಬೇಕು. ಯಾವ ಗಿಡವಾದರೂ ಸರಿ, ಕುಂಡದ ತಳದಲ್ಲಿ ರಂಧ್ರವಿರಲಿ. ಬೆರಳನ್ನು ಮಣ್ಣಿಗಿಳಿಸಿ ನೋಡಿ, ಅನಂತರ ನೀರೆರೆಯಿರಿ. ಬೇಡವಾದ ಗಿಡವನ್ನು ಕೆರೆಯ ಏರಿಗೋ ಕಾಡಿನಂಚಿಗೋ ಎಸೆಯಬೇಡಿ.

ವಾರ್ಡನ ಸೀಸೆಯ ಗಿಡಗಳು ಬಾಯಾರಿ ಸಾಯಲಿಲ್ಲ, ಬೇಡದ ನೀರಿನಿಂದ ಸತ್ತವು. ನಮ್ಮ ನಡುಮನೆಯ ಬಹುಪಾಲು ಗಿಡಗಳ ಮರಣವೂ ಅದೇ ಬಗೆಯದು. ಪ್ರೀತಿ ಅತಿಯಾದುದರಿಂದಲ್ಲ, ಆ ಪ್ರೀತಿಗೆ ಎದುರಿನ ಜೀವದ ಪರಿಚಯವಿಲ್ಲದುದರಿಂದ.