ನೂರು ಪೌಂಡಿನ ಎರಡು ಮಾತುಗಳು

ಮಾರುವವನು ಆಡಿದ ಮಾತಿಗೆ ಅವನು ಎಷ್ಟರಮಟ್ಟಿಗೆ ಬದ್ಧ? ಈ ಪ್ರಶ್ನೆ ಇಂಗ್ಲೆಂಡಿನ ನ್ಯಾಯಾಲಯಗಳ ಮುಂದೆ ಎರಡು ಬಾರಿ ಬಹು ವಿಚಿತ್ರವಾದ ರೂಪದಲ್ಲಿ ಬಂದಿತು. ಎರಡರ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರ. ಸ್ವಾರಸ್ಯವೆಂದರೆ ಎರಡರಲ್ಲಿಯೂ ಮೊತ್ತ ಒಂದೇ, ನೂರು ಪೌಂಡು. ನಮ್ಮ ಕರಾರು ಕಾನೂನು ಇಂಗ್ಲೆಂಡಿನ ಕಾನೂನಿನ ಕುಡಿಯೇ ಆದುದರಿಂದ ಈ ಕಥೆ ನಮಗೆ ಹೊರಗಿನದಲ್ಲ.

ಮೊದಲನೆಯದು 1603ರ ಚಾಂಡೆಲರ್ ಮತ್ತು ಲೋಪಸ್ ಮೊಕದ್ದಮೆ. ಒಬ್ಬ ಅಕ್ಕಸಾಲಿಗನು ಒಂದು ಕಲ್ಲನ್ನು 'ಬೆಜೋವರ್' ಎಂದು ಹೇಳಿ ನೂರು ಪೌಂಡಿಗೆ ಮಾರಿದನು. ಬೆಜೋವರ್ ಎಂದರೆ ಕಾಡುಮೇಕೆ ಮೊದಲಾದ ಪ್ರಾಣಿಗಳ ಹೊಟ್ಟೆಯಲ್ಲಿ ಗಟ್ಟಿಕಟ್ಟಿದ ಗಡ್ಡೆ. ಅದು ವಿಷವನ್ನು ಇಳಿಸುತ್ತದೆಂಬ ನಂಬಿಕೆ ಆಗ ಯೂರೋಪಿನಲ್ಲೆಲ್ಲ ಇತ್ತು. ಕೊಂಡವನು ಆಮೇಲೆ ಪರೀಕ್ಷಿಸಲಾಗಿ ಅದು ಬೆಜೋವರ್ ಅಲ್ಲವೆಂದು ತಿಳಿಯಿತು. ನ್ಯಾಯಾಲಯ ಏನೆಂದಿತು? 'ಇದು ಬೆಜೋವರ್' ಎಂದು ಬರಿದೆ ಹೇಳಿದರೆ ಸಾಲದು, 'ಇದಕ್ಕೆ ನಾನು ಹೊಣೆ' ಎಂದು ವಚನವನ್ನೂ ಕೊಟ್ಟಿರಬೇಕು. ಅದಿಲ್ಲದೆ ದಾವೆಗೆ ಅವಕಾಶವಿಲ್ಲ ಎಂದಿತು. ಕೊಳ್ಳುವವನೇ ಕಣ್ಣು ಬಿಟ್ಟು ಕೊಳ್ಳಬೇಕು. ಲ್ಯಾಟಿನ್ನಿನಲ್ಲಿ 'ಕೇವಿಯಟ್ ಎಂಪ್ಟರ್' ಎಂದು ಇಂದಿಗೂ ವಕೀಲರ ಬಾಯಲ್ಲಿರುವ ಸೂತ್ರದ ತಿರುಳು ಇದೇ. ಕಲ್ಲಿನ ವಿಷಯವನ್ನು ಅಕ್ಕಸಾಲಿಗನಿಗಿಂತ ಗಿರಾಕಿಯು ಚೆನ್ನಾಗಿ ಬಲ್ಲವನಾಗಿರಬೇಕು ಎಂದಂತಾಯಿತು!

ಎರಡನೆಯದು ಇದಕ್ಕಿಂತ ಪ್ರಸಿದ್ಧವಾದುದು. 1889ರಿಂದ ಕೆಲವು ವರ್ಷ ಜಗತ್ತಿನ ಅನೇಕ ಕಡೆ ಇನ್‌ಫ್ಲುಯೆನ್ಜಾ ಹಬ್ಬಿತು. ಆ ಭಯದ ಕಾಲದಲ್ಲಿ ಲಂಡನ್ನಿನ ಒಂದು ಸಂಸ್ಥೆ 'ಕಾರ್ಬಾಲಿಕ್ ಸ್ಮೋಕ್ ಬಾಲ್' ಎಂಬ ಸಾಧನವನ್ನು ಹತ್ತು ಷಿಲಿಂಗಿಗೆ ಮಾರುತ್ತಿತ್ತು. ಅದೊಂದು ರಬ್ಬರಿನ ಚೆಂಡು. ಒಳಗೆ ಕಾರ್ಬಾಲಿಕ್ ಆಮ್ಲ ಸೇರಿಸಿದ ಪುಡಿ. ಹಿಸುಕಿದರೆ ಪುಡಿಯು ಹೊಗೆಯಂತೆ ಮೇಲೇಳುತ್ತಿತ್ತು. ಅದನ್ನು ಮೂಗಿನಿಂದ ಎಳೆದುಕೊಳ್ಳಬೇಕು. ಹಳೆಯ ಕಾಲದ ಆಸ್ಪತ್ರೆಗಳ ಕಾರ್ಬಾಲಿಕ್ ವಾಸನೆಯನ್ನು ಬಲ್ಲವರು ಇದನ್ನು ಊಹಿಸಿಕೊಳ್ಳಬಹುದು. 1891ರ ನವೆಂಬರ್ 13ರಂದು 'ಪಾಲ್ ಮಾಲ್ ಗೆಜೆಟ್' ಪತ್ರಿಕೆಯಲ್ಲಿ ಆ ಸಂಸ್ಥೆಯ ಜಾಹೀರಾತು ಬಂದಿತು. ದಿನಕ್ಕೆ ಮೂರು ಬಾರಿಯಂತೆ ಎರಡು ವಾರ ಚೆಂಡನ್ನು ವಿಧಿವತ್ತಾಗಿ ಬಳಸಿದ ಮೇಲೂ ಯಾರಿಗಾದರೂ ಇನ್‌ಫ್ಲುಯೆನ್ಜಾ ಬಂದರೆ ನೂರು ಪೌಂಡು ಕೊಡಲಾಗುವುದು. ನಮ್ಮ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ಸಾವಿರ ಪೌಂಡನ್ನು ಅಲಯನ್ಸ್ ಬ್ಯಾಂಕಿನಲ್ಲಿ ಇಟ್ಟಿದ್ದೇವೆ ಎಂಬುದು ಅದರ ಸಾರಾಂಶ.

ಶ್ರೀಮತಿ ಲೂಯಿಸಾ ಕಾರ್ಲಿಲ್ ಎಂಬ ಮಹಿಳೆ ಅದನ್ನು ನಂಬಿ ಚೆಂಡೊಂದನ್ನು ಕೊಂಡರು. ನವೆಂಬರ್ 20ರಿಂದ ತಪ್ಪದೆ ದಿನಕ್ಕೆ ಮೂರು ಬಾರಿ ಬಳಸಿದರು. 1892ರ ಜನವರಿ 17ರಂದು ಅವರಿಗೆ ಇನ್‌ಫ್ಲುಯೆನ್ಜಾ ಬಂದೇ ಬಂದಿತು. ಅವರ ಪತಿ ಕಾನೂನು ಬಲ್ಲವರು. ಸಂಸ್ಥೆಗೆ ಪತ್ರ ಬರೆದರು. ಸಂಸ್ಥೆ ಹಣ ಕೊಡಲಿಲ್ಲ. ಪ್ರಕರಣ ನ್ಯಾಯಾಲಯವನ್ನು ಸೇರಿತು. ಕೆಳಗಿನ ನ್ಯಾಯಾಲಯದಲ್ಲಿ ಸಂಸ್ಥೆಯ ಪರವಾಗಿ ವಾದಿಸಿದವರಲ್ಲಿ ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಆಸ್ಕ್ವಿತ್ ಇದ್ದರು.

ಸಂಸ್ಥೆಯ ವಾದಗಳನ್ನು ಗಮನಿಸಬೇಕು, ಏಕೆಂದರೆ ಕರಾರಿನ ಪ್ರಾಥಮಿಕ ಪಾಠವೆಲ್ಲ ಅವುಗಳಲ್ಲಿಯೇ ಇದೆ. ಕರಾರು ಆಗಬೇಕಾದರೆ ಒಬ್ಬನ ಪ್ರಸ್ತಾಪ ಇರಬೇಕು, ಇನ್ನೊಬ್ಬನ ಅಂಗೀಕಾರ ಇರಬೇಕು, ಮಾತಿಗೆ ಪ್ರತಿಫಲ ಇರಬೇಕು, ಅದಕ್ಕೆ ಕಟ್ಟುಬೀಳುವ ಉದ್ದೇಶವೂ ಇರಬೇಕು. ಜಾಹೀರಾತು ವ್ಯಾಪಾರಿಯ ಬಡಾಯಿ ಮಾತ್ರ ಎಂದರು. ಹಾಗಾದರೆ ಬ್ಯಾಂಕಿನಲ್ಲಿ ಸಾವಿರ ಪೌಂಡು ಇಟ್ಟುದೇಕೆ ಎಂದು ನ್ಯಾಯಾಧೀಶರು ಕೇಳಿದರು. ಊರಿಗೆಲ್ಲ ಆಡಿದ ಮಾತು ಯಾರೊಡನೆಯೂ ಕರಾರಾಗದು ಎಂದರು. ಪ್ರಸ್ತಾಪವನ್ನು ಜಗತ್ತಿಗೇ ಮುಂದಿಡಬಹುದು, ಆದರೆ ಷರತ್ತನ್ನು ಪೂರೈಸಿದವರೊಡನೆ ಮಾತ್ರ ಕರಾರು ಏರ್ಪಡುತ್ತದೆ ಎಂಬುದು ಉತ್ತರ. ಆಕೆ ಒಪ್ಪಿಗೆಯನ್ನು ನಮಗೆ ತಿಳಿಸಲೇ ಇಲ್ಲ ಎಂದರು. ಕಳೆದ ನಾಯಿಯನ್ನು ಹುಡುಕಿಕೊಟ್ಟವರಿಗೆ ಬಹುಮಾನವೆಂದು ಸಾರಿದರೆ, ಹುಡುಕುವವರೆಲ್ಲ ಮೊದಲು ಕಾಗದ ಬರೆದು ಒಪ್ಪಿಗೆ ತಿಳಿಸಬೇಕೆ ಎಂಬರ್ಥದಲ್ಲಿ ನ್ಯಾಯಾಧೀಶ ಬೋವೆನ್ ಅದನ್ನು ತಳ್ಳಿಹಾಕಿದರು. ದಿನಕ್ಕೆ ಮೂರು ಬಾರಿ ಆ ಹೊಗೆಯನ್ನು ಸೇದಿದ ಕಷ್ಟವೇ ಪ್ರತಿಫಲವಾಯಿತು. 1892ರ ಡಿಸೆಂಬರ್ 7ರಂದು ಮೇಲ್ಮನವಿ ನ್ಯಾಯಾಲಯದ ಮೂವರೂ ಆಕೆಯ ಪರವಾಗಿ ತೀರ್ಪಿತ್ತರು. ಆಕೆ ತೊಂಬತ್ತಾರು ವರ್ಷ ಬದುಕಿ 1942ರಲ್ಲಿ ತೀರಿಕೊಂಡರು.

ಈಗ ನಮ್ಮ ನೆಲಕ್ಕೆ ಬರೋಣ. ಷರತ್ತನ್ನು ಪೂರೈಸುವುದೇ ಅಂಗೀಕಾರ ಎಂಬ ಮಾತು ನಮ್ಮ 1872ರ ಕರಾರು ಕಾಯಿದೆಯ 8ನೆಯ ಕಲಮಿನಲ್ಲಿ, ಕಾರ್ಲಿಲ್ ತೀರ್ಪಿಗೆ ಇಪ್ಪತ್ತು ವರ್ಷ ಮೊದಲೇ ಅಚ್ಚಾಗಿತ್ತು. ಆದರೂ 1913ರಲ್ಲಿ ಅಲಹಾಬಾದ್ ಹೈಕೋರ್ಟಿನಲ್ಲಿ ಲಾಲ್ಮನ್ ಶುಕ್ಲ ಎಂಬ ಗುಮಾಸ್ತರು ಸೋತರು. ಧಣಿಯ ಮನೆಯ ಹುಡುಗ ಕಾಣೆಯಾದಾಗ ಅವರನ್ನು ಹುಡುಕಲು ಹರಿದ್ವಾರಕ್ಕೆ ಕಳುಹಿಸಲಾಗಿತ್ತು. ಅವರು ಹೋದ ಮೇಲೆ ಊರಿನಲ್ಲಿ 501 ರೂಪಾಯಿ ಬಹುಮಾನವನ್ನು ಸಾರಿದರು. ಹುಡುಗನನ್ನು ಪತ್ತೆ ಮಾಡಿದ್ದು ಅವರೇ. ಆದರೆ ಆಗ ಅವರಿಗೆ ಬಹುಮಾನದ ಸುದ್ದಿ ತಿಳಿದಿರಲಿಲ್ಲ. ತಿಳಿಯದ ಪ್ರಸ್ತಾಪಕ್ಕೆ ಅಂಗೀಕಾರವೆಲ್ಲಿಯದು, ಅಲ್ಲದೆ ಹುಡುಕುವುದು ಅವರ ಕೆಲಸವೇ ಆಗಿತ್ತು ಎಂದಿತು ನ್ಯಾಯಾಲಯ. ತರ್ಕ ಸರಿಯೇ. ಆದರೂ ಆ ಗುಮಾಸ್ತರ ಬಗ್ಗೆ ನನಗೆ ಮರುಕ ಹುಟ್ಟುತ್ತದೆ.

ಅಕ್ಕಸಾಲಿಗನ ಕಲ್ಲಿಗೆ ಉತ್ತರ ದೊರೆತದ್ದು ನಮ್ಮ 1930ರ ಸರಕು ಮಾರಾಟ ಕಾಯಿದೆಯಲ್ಲಿ. ಇಂಥದ್ದೆಂದು ವರ್ಣಿಸಿ ಮಾರಿದ ವಸ್ತು ಇಂಥದ್ದೇ ಆಗಿರಬೇಕು ಎನ್ನುತ್ತದೆ ಅದರ 15ನೆಯ ಕಲಮು. ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಅದೇ ಬಗೆಯ ಸರಕಿನ ವ್ಯಾಪಾರಿಯ ತಿಳಿವಳಿಕೆಯನ್ನು ನಂಬಿ ಕೊಂಡರೆ ವಸ್ತು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು ಎನ್ನುತ್ತದೆ 16ನೆಯದು. ಇವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಮಾರಾಟದೊಳಗೇ ಅಡಗಿರುತ್ತವೆ. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕರಾರಿನ ಮುಖ್ಯ ಷರತ್ತು ಮುರಿದರೆ ವಸ್ತುವನ್ನು ತಿರಸ್ಕರಿಸಬಹುದು. ವಾರಂಟಿ ಎಂದು ಕಾನೂನು ಕರೆಯುವ ಉಪವಚನ ಮುರಿದರೆ ನಷ್ಟಪರಿಹಾರ ಮಾತ್ರ. ನಾವು ಅಂಗಡಿಯಲ್ಲಿ ವಾರಂಟಿ ಎನ್ನುವುದನ್ನೇ ದೊಡ್ಡದೆಂದು ತಿಳಿದಿರುತ್ತೇವೆ. ಆದರೆ ಅದೇ ಕಾಯಿದೆಯ 62ನೆಯ ಕಲಮು, ಇಬ್ಬರೂ ಒಪ್ಪಿದರೆ ಇಂಥ ಹೊಣೆಗಳನ್ನು ಕೈಬಿಡಬಹುದು ಎಂದಿತು. ಬಿಲ್ಲಿನ ಅಡಿಯ ಸಣ್ಣಕ್ಷರಗಳು ತಲೆಹಾಕಿದ್ದು ಆ ಸಂದಿಯಿಂದಲೇ.

ಆ ಸಂದಿಯನ್ನು ಬಹುಮಟ್ಟಿಗೆ ಕಿರಿದುಗೊಳಿಸಿದ್ದು ಗ್ರಾಹಕ ಸಂರಕ್ಷಣಾ ಕಾಯಿದೆ, ಮೊದಲು 1986ರದು, ಅನಂತರ 2019ರದು. ತಕ್ಕ ಪರೀಕ್ಷೆಯಿಲ್ಲದೆ ವಸ್ತುವಿನ ಗುಣಕ್ಕೋ ಬಾಳಿಕೆಗೋ ಗ್ಯಾರಂಟಿ ಕೊಡುವುದು ಈಗ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಹಾಗೆಯೇ. 'ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ' ಎಂಬ ಬೋರ್ಡನ್ನು ನೋಡಿ ಸುಮ್ಮನೆ ಹಿಂದಿರುಗುವವರು ಇಂದಿಗೂ ಬಹಳ ಮಂದಿ. ದೋಷವಿರುವ ಮಾಲಿನ ಮಟ್ಟಿಗೆ 2019ರ ಕಾಯಿದೆ ಹೇಳುವುದೇ ಬೇರೆ: ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿಯನ್ನು ನಮೂದಿಸದಿದ್ದರೆ 30 ದಿನಗಳೊಳಗೆ, ಅದನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸಿದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು.