ಸಿಸ್ಟರ್ ಮೇರಿ ಜೋಸೆಫ್ ಗಂಟು

ಹೊಟ್ಟೆಯೊಳಗಿನ ಅಥವಾ ಕಿಬ್ಬೊಟ್ಟೆಯ ಅಂಗಗಳ ಕ್ಯಾನ್ಸರ್ ಹೊಕ್ಕುಳಿಗೆ ಹರಡಿದಾಗ ಅಲ್ಲಿ ಏಳುವ ಗಟ್ಟಿ ಗಂಟಿಗೆ ಈ ಹೆಸರಿದೆ. ಮೂಲ ರೋಗ ಹೆಚ್ಚಾಗಿ ಜಠರ, ಅಂಡಾಶಯ, ದೊಡ್ಡ ಕರುಳು ಅಥವಾ ಮೇದೋಜ್ಜೀರಕ ಗ್ರಂಥಿಯದು. ಒಳಗಿನ ರೋಗದ ಬೇರಾವ ಸುಳಿವೂ ಸಿಗುವ ಮೊದಲೇ ಗಂಟು ಕಾಣಿಸಿಕೊಳ್ಳುವುದುಂಟು.

ಇದರ ಚರಿತ್ರೆ ಅಮೆರಿಕದ ಮಿನ್ನೆಸೋಟದಲ್ಲಿರುವ ರಾಚೆಸ್ಟರ್ ನಗರದಿಂದ ಆರಂಭವಾಗುತ್ತದೆಂಬ ಭಾವನೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಹೊಕ್ಕುಳಿನ ಕ್ಯಾನ್ಸರ್ ಗಂಟುಗಳ ವರದಿಗಳು 19ನೇ ಶತಮಾನದಲ್ಲೇ ಪ್ರಕಟವಾಗಿದ್ದವು. ಬೋಸ್ಟನ್ನಿನ ವೈದ್ಯ ಹೊರೇಷಿಯೊ ಸ್ಟೋರರ್ 1864ರಲ್ಲಿ ವಿವರಿಸಿದ ಗಂಟು ಹೊಕ್ಕುಳಿನ ಅಂಡವಾಯುವನ್ನೇ ಹೋಲುತ್ತಿತ್ತು. ಇಂದಿಗೂ ವೈದ್ಯರು ಇದೇ ಗೊಂದಲಕ್ಕೆ ಬೀಳುತ್ತಾರೆ. ಬಾಲ್ಟಿಮೋರಿನ ಥಾಮಸ್ ಕಲನ್ 1916ರಲ್ಲಿ ಹೊಕ್ಕುಳಿನ ರೋಗಗಳ ಬಗ್ಗೆ ಬೃಹತ್ ಗ್ರಂಥವನ್ನು ಹೊರತಂದರು.

ಹಾಗಾದರೆ ಸಿಸ್ಟರ್ ಮೇರಿ ಜೋಸೆಫರ ಪಾಲು ಯಾವುದು? ಜೂಲಿಯಾ ಡೆಂಪ್ಸಿ (1856–1939) 1878ರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿನಿಯರ ಸಂಘ ಸೇರಿ ಈ ಹೆಸರು ಪಡೆದರು. ರಾಚೆಸ್ಟರಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅವರು ಶಸ್ತ್ರವೈದ್ಯ ವಿಲಿಯಂ ಮೇಯೊ ಅವರಿಗೆ 1890ರಿಂದ 1915ರವರೆಗೆ ಮೊದಲ ಸಹಾಯಕಿಯಾಗಿದ್ದರು. 1892ರಿಂದ ಕೊನೆಯವರೆಗೂ ಆಸ್ಪತ್ರೆಯ ಆಡಳಿತ ಅವರದೇ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳ ಹೊಟ್ಟೆಯನ್ನು ಶುಚಿಗೊಳಿಸುವಾಗ, ಹೊಕ್ಕುಳಲ್ಲಿ ಗಂಟಿದ್ದವರ ಹೊಟ್ಟೆಯೊಳಗೆ ಕ್ಯಾನ್ಸರ್ ಆಗಲೇ ಹರಡಿರುತ್ತದೆ ಎಂಬುದನ್ನು ಅವರು ಗಮನಿಸಿ ಮೇಯೊಗೆ ತಿಳಿಸಿದರು. ಗಂಟನ್ನು ಮೊದಲು ಕಂಡವರು ಅವರಲ್ಲ. ಹೊಟ್ಟೆ ತೆರೆಯುವ ಮೊದಲೇ ರೋಗದ ಹಂತವನ್ನು ಬೆರಳಿನಿಂದ ಮುಟ್ಟಿ ತಿಳಿಯಬಹುದೆಂದು ತೋರಿಸಿದ್ದು ಅವರ ಕೊಡುಗೆ. ಎಡೆಬಿಡದೆ ರೋಗಿಗಳ ಬಳಿಯಿದ್ದ ದಾದಿಗೆ ದಕ್ಕಿದ ಈ ಅರಿವನ್ನು ಕೀಳಾಗಿ ಎಣಿಸಲು ಕಾರಣವಿಲ್ಲ.

ಮೇಯೊ ಈ ಚಿಹ್ನೆಯನ್ನು 1928ರಲ್ಲಿ ಪ್ರಕಟಿಸಿದಾಗ ಪ್ಯಾಂಟಿನ ಗುಂಡಿಗೆ ಹೋಲಿಸಿದ್ದರು. ಸಿಸ್ಟರ್ ಹೆಸರನ್ನು ಇದಕ್ಕೆ ಅಂಟಿಸಿದವರು ಇಂಗ್ಲೆಂಡಿನ ಶಸ್ತ್ರವೈದ್ಯ ಹ್ಯಾಮಿಲ್ಟನ್ ಬೇಲಿ. 1949ರಲ್ಲಿ, ಅಂದರೆ ಸಿಸ್ಟರ್ ತೀರಿಕೊಂಡು 10 ವರ್ಷವಾದ ಮೇಲೆ, ಬೇಲಿಯವರ ಪಠ್ಯಪುಸ್ತಕದ ಮೂಲಕ ಹೆಸರು ನೆಲೆಯೂರಿತು.

ಕ್ಯಾನ್ಸರ್ ಹೊಕ್ಕುಳನ್ನು ತಲುಪುವ ದಾರಿ ಒಂದೇ ಅಲ್ಲ. ಉದರಪೊರೆಯಿಂದ ನೇರವಾಗಿ, ರಕ್ತ ಮತ್ತು ದುಗ್ಧರಸ ನಾಳಗಳ ಮೂಲಕ, ಭ್ರೂಣಾವಸ್ಥೆಯಿಂದ ಉಳಿದ ತಂತುಗಳ ಗುಂಟ ಅದು ಬರಬಲ್ಲದು. ಈಗ ಸೂಜಿಯಿಂದ ಜೀವಕೋಶ ತೆಗೆದು ಪರೀಕ್ಷಿಸಿದರೆ ರೋಗನಿರ್ಣಯ ಸಾಧ್ಯ. ಮೂಲ ಅಂಗವನ್ನು ಸ್ಕ್ಯಾನ್ ಮೂಲಕ ಹುಡುಕಲಾಗುತ್ತದೆ. ಗಂಟು ಸಾಮಾನ್ಯವಾಗಿ ಮುಂದುವರಿದ ಕಾಯಿಲೆಯ ಸೂಚನೆಯಾದರೂ, ಅಂಡಾಶಯದ ಕ್ಯಾನ್ಸರ್ ಇರುವ ಕೆಲವರಿಗೆ ಶಸ್ತ್ರಚಿಕಿತ್ಸೆ ಮತ್ತು ಕೀಮೋಥೆರಪಿಯಿಂದ ಆಯುಸ್ಸು ಹೆಚ್ಚುವುದರಿಂದ ಚಿಕಿತ್ಸೆಯನ್ನು ಮೂಲ ರೋಗ ನೋಡಿ ತೀರ್ಮಾನಿಸಲಾಗುತ್ತದೆ.