ರಾಣಿಯ ಬಾಗಿಲು, ಕವಿಯ ತಂತಿ: ಹುಬ್ಬಳ್ಳಿ-ಧಾರವಾಡದ ಅಭಿಮಾನದ ವಸ್ತುಗಳಲ್ಲಿ ಸ್ವಂತ ವಿನ್ಯಾಸದ ಪ್ರಶ್ನೆ

ಹುಬ್ಬಳ್ಳಿಯ ಬೈಕು, ಆಟೊಗಳ ಬೆನ್ನನ್ನೇ ಆಕರವಾಗಿ ಇಟ್ಟುಕೊಂಡು ಈ ಊರಿನ ಅಭಿಮಾನದ ಇತಿಹಾಸವನ್ನು ಬರೆಯಬಹುದು. ರೇಡಿಯಂ ಕಟಿಂಗ್‌ನಲ್ಲಿ ಸಂಗೊಳ್ಳಿ ರಾಯಣ್ಣ, ಸ್ಟಿಕರಿನಲ್ಲಿ ಅಪ್ಪು, ಡ್ಯಾಶ್‌ಬೋರ್ಡಿನ ಮೇಲೆ ಸಿದ್ಧಾರೂಢರು. ಈಚೆಗೆ ಇವುಗಳ ಜೊತೆಗೆ ಟಿ-ಷರ್ಟು, ಮಗ್ಗು, ಕೀಚೈನು, ಬಟ್ಟೆಯ ಚೀಲಗಳೂ ಸೇರಿಕೊಂಡಿವೆ. ಈ ವಸ್ತುಗಳನ್ನು ಅಗ್ಗದ ಸರಕೆಂದು ತಳ್ಳಿಹಾಕುವುದು ತಪ್ಪು. ಜನ ತಮಗೆ ಪ್ರಿಯವಾದ ಕತೆಯನ್ನು ಮೈಮೇಲೆ, ಗಾಡಿಯ ಮೇಲೆ ಹೊತ್ತು ತಿರುಗುವುದು ಗೌರವದ ಒಂದು ರೀತಿ. ತೊಂದರೆ ಇರುವುದು ವಿನ್ಯಾಸದಲ್ಲಿ. ಹೆಚ್ಚಿನವು ಎಲ್ಲಿಂದಲೋ ಇಳಿಸಿಕೊಂಡ ಒಂದು ಮುಖದ ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ ಅಂಟಿಸಿದವು. ಮುಖವನ್ನು ಬಿಟ್ಟು ಕತೆಯ ಆಕಾರವನ್ನು ಹಿಡಿದಾಗಲೇ ಇಲ್ಲಿ ಸ್ವಂತ ವಿನ್ಯಾಸ ಹುಟ್ಟುತ್ತದೆ, ಅದಕ್ಕೆ ಬೇಕಾದ ವ್ಯಾಕರಣ ಧಾರವಾಡದ ಕಸೂತಿಯಲ್ಲಿ ಈಗಾಗಲೇ ಸಿದ್ಧವಾಗಿದೆ ಎಂಬುದು ಈ ಲೇಖನದ ವಾದ.

ಕಿತ್ತೂರು ಚೆನ್ನಮ್ಮನ ಉದಾಹರಣೆ ಎಲ್ಲಕ್ಕಿಂತ ಸ್ಪಷ್ಟವಾದದ್ದು. ಆಕೆ ಬೈಲಹೊಂಗಲದಲ್ಲಿ ತೀರಿಕೊಂಡದ್ದು 1829ರಲ್ಲಿ. ಛಾಯಾಗ್ರಹಣ ಲೋಕಕ್ಕೆ ತಿಳಿದದ್ದು 1839ರಲ್ಲಿ. ಅಂದರೆ ಇವತ್ತು ನಮ್ಮ ಕಣ್ಣಿಗೆ ಕಟ್ಟುವ ಚೆನ್ನಮ್ಮನ ಫೋಟೊ ಎಂಬುದು ಇಲ್ಲವೇ ಇಲ್ಲ. ಇರುವುದೆಲ್ಲ ಒಬ್ಬೊಬ್ಬ ಕಲಾವಿದನ ಕಲ್ಪನೆ. ಬಿ.ಆರ್. ಪಂತುಲು ಅವರ 1961ರ ಚಿತ್ರದಲ್ಲಿ ಬಿ. ಸರೋಜಾದೇವಿಯವರು ತಾಳಿದ ರೂಪ ಒಂದು, ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ಕುದುರೆಯೇರಿದ ಪ್ರತಿಮೆ ಇನ್ನೊಂದು. ರಾಣಿ ಎಲ್ಲರ ಸ್ವತ್ತು. ಆದರೆ ಪ್ರತಿಯೊಂದು ಚಿತ್ರಕ್ಕೂ ಅದನ್ನು ಬರೆದವನೊಬ್ಬ ಇದ್ದಾನೆ.

ಕಾನೂನು ಈ ಭೇದವನ್ನು ಚೆನ್ನಾಗಿ ಬಲ್ಲದು. ಒಂದು ನಾಟಕಕ್ಕೂ ಅದನ್ನು ಹೋಲುತ್ತದೆಂದು ದೂರಲಾದ ಚಲನಚಿತ್ರಕ್ಕೂ ಸಂಬಂಧಿಸಿದ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ, ವಿಚಾರಕ್ಕೆ, ವಸ್ತುವಿಗೆ, ಐತಿಹಾಸಿಕ ಸಂಗತಿಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಎಂದಿತು. ಸಾರ್ವಜನಿಕ ಸ್ಥಳದಲ್ಲಿ ಕಾಯಂ ಆಗಿ ನಿಂತ ಪ್ರತಿಮೆಯ ವಿಷಯದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಇನ್ನೂ ಸೂಕ್ಷ್ಮವಾಗಿದೆ. ಅಂಥ ಪ್ರತಿಮೆಯನ್ನು ಚಿತ್ರವಾಗಿ ಬರೆಯುವುದಕ್ಕೆ, ಫೋಟೊ ತೆಗೆಯುವುದಕ್ಕೆ, ಪ್ರಕಟಿಸುವುದಕ್ಕೆ ಅದು ಅವಕಾಶ ಕೊಡುತ್ತದೆ. ಪ್ರತಿಮೆಯ ಪುಟ್ಟ ಪ್ರತಿಮೆ ಮಾಡುವುದನ್ನು ಆ ಪಟ್ಟಿಯಲ್ಲಿ ಹೇಳಿಲ್ಲ. ಪ್ರತಿಮೆಯ ಹಕ್ಕು ಇನ್ನೂ ಜಾರಿಯಲ್ಲಿದ್ದರೆ, ಅದನ್ನು ನೋಡಿ ಬರೆದ ಗೆರೆಚಿತ್ರ ಮಗ್ಗಿನ ಮೇಲೆ ಬರಬಹುದು, ಅದೇ ಪ್ರತಿಮೆಯನ್ನು ಎರಕ ಹೊಯ್ದ ಕೀಚೈನಿಗೆ ಹಕ್ಕುದಾರರ ಒಪ್ಪಿಗೆ ಬೇಕು. ಸಿನಿಮಾದ ಹಕ್ಕಿನ ಅವಧಿ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಹಾಗಾಗಿ ಪಂತುಲು ಅವರ ಚಿತ್ರದ ಹಕ್ಕು 2021ರ ಕೊನೆಗೆ ಮುಗಿದಿದೆ, 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದ್ದು ಇನ್ನೂ ದಶಕಗಳ ಕಾಲ ಇರುತ್ತದೆ. ರೇಡಿಯಂ ಅಂಗಡಿಯಲ್ಲಿ ಕತ್ತರಿಸಿ ಕೊಡುವ ರಾಯಣ್ಣ ಯಾವ ಚಿತ್ರದಿಂದ ಬಂದವನು ಎಂಬುದು, ಆದ್ದರಿಂದ, ಬರೀ ರುಚಿಯ ಪ್ರಶ್ನೆಯಲ್ಲ.

ಬದುಕಿರುವ ಪ್ರಸಿದ್ಧರ ಮುಖಕ್ಕೆ ವ್ಯಕ್ತಿತ್ವದ ಹಕ್ಕು ಎಂಬ ಬೇರೊಂದು ರಕ್ಷಣೆಯುಂಟು. ಗಾಯಕ ದಲೇರ್ ಮೆಹಂದಿ ಅವರನ್ನು ಹೋಲುವ, ಅವರ ಹಾಡು ಹಾಡುವ ಗೊಂಬೆಗಳನ್ನು ಮಾರಿದ ಅಂಗಡಿಗಳ ವಿರುದ್ಧ ದೆಹಲಿ ಹೈಕೋರ್ಟು 2010ರಲ್ಲಿ ತೀರ್ಪಿತ್ತಿತು. ಅದೇ ತೀರ್ಪಿನಲ್ಲಿ ವ್ಯಂಗ್ಯಚಿತ್ರ, ಅಣಕಗಳನ್ನು ಸಲೀಸಾಗಿ ಹತ್ತಿಕ್ಕಬಾರದೆಂಬ ಎಚ್ಚರವೂ ಇದೆ. ತೀರಿಹೋದವರ ವ್ಯಕ್ತಿತ್ವದ ಹಕ್ಕು ವಾರಸುದಾರರಿಗೆ ಇಳಿದು ಬರುವುದಿಲ್ಲ ಎಂಬ ನಿಲುವನ್ನು 2023ರಲ್ಲಿ ಅದೇ ನ್ಯಾಯಾಲಯ ತಳೆಯಿತು. ಕಾನೂನು ಬಿಟ್ಟರೂ ಮನೆಯವರ ಮಾತನ್ನು ಕೇಳುವುದು ನಮ್ಮ ಕಡೆಯ ಮರ್ಯಾದೆ ಎಂದು ನಾನು ನಂಬುತ್ತೇನೆ.

ಇನ್ನು ಕಸೂತಿ. ಗಾವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳ ಈ ಕಲೆಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸುತ್ತ ಸೂಜಿ ನಡೆಯುತ್ತದೆ. ಗಂಟು ಹಾಕುವಂತಿಲ್ಲ, ಗಾವಂತಿಯಲ್ಲೂ ಮುರಗಿಯಲ್ಲೂ ಒಳಮೈ ಹೊರಮೈ ಒಂದೇ ಥರ ಕಾಣಬೇಕು. ಅಡ್ಡ, ಉದ್ದ, ಓರೆ ಗೆರೆಗಳಷ್ಟೇ ಇರುವ ಈ ಲಿಪಿಯಲ್ಲಿ ಮನುಷ್ಯರ ಮುಖವನ್ನು ಹೋಲುವಂತೆ ಬಿಡಿಸುವುದು ಬಲು ಕಷ್ಟ. ಅದಕ್ಕೇ ನಮ್ಮ ಹೆಣ್ಣುಮಕ್ಕಳು ಚಂದ್ರಕಾಳಿ ಸೀರೆಯ ಸೆರಗಿನಲ್ಲಿ, ಕುಪ್ಪಸದ ತೋಳಿನಲ್ಲಿ ದೇವರ ಮುಖದ ಬದಲು ಅವನ ತೇರನ್ನು, ಗೋಪುರವನ್ನು, ಪಲ್ಲಕ್ಕಿಯನ್ನು, ನಂದಿಯನ್ನು, ಅಂಬಾರಿ ಹೊತ್ತ ಆನೆಯನ್ನು ತೆಗೆದರು. ಜಾತ್ರೆ ಕಂಡು ಮನೆಗೆ ಬಂದವರು ತಾವು ಕಂಡದ್ದನ್ನು ಉಡುಗೆಯಲ್ಲಿ ಉಳಿಸಿಕೊಂಡರು. ಅಭಿಮಾನದ ವಸ್ತುಗಳ ಚರಿತ್ರೆ ಈ ನಾಡಿನಲ್ಲಿ ಶುರುವಾಗುವುದು ಇಲ್ಲಿಂದಲೇ ಎಂದರೆ ಅತಿಶಯವಲ್ಲ.

ಇದೇ ವ್ಯಾಕರಣದಲ್ಲಿ ಚೆನ್ನಮ್ಮನ ಕತೆಯನ್ನು ಹೇಗೆ ಹೇಳಬಹುದು? 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯ ಪಡೆ ಕೋಟೆಯ ಮುಂದೆ ತೋಪು ಹೂಡಿ ನಿಂತಾಗ, ಬಾಗಿಲು ತೆರೆದು ಕಿತ್ತೂರಿನ ಸೈನ್ಯ ಹೊರನುಗ್ಗಿತು, ಥ್ಯಾಕರೆ ಸತ್ತ. ಈ ಕತೆಯ ತಿರುಳು ತೆರೆದ ಬಾಗಿಲಿನಲ್ಲಿದೆ. ಕಸೂತಿಯ ಗೋಪುರ ಮೆಟ್ಟಿಲು ಮೆಟ್ಟಿಲಾಗಿ ಏರುವ ಆಕೃತಿ. ಶಿಖರ ತೆಗೆದು ಎರಡು ಬುರುಜು ಇಟ್ಟರೆ ಅದೇ ಕೋಟೆಯಾಗುತ್ತದೆ. ನಾಲ್ಕು ಎಳೆಗೊಂದು ಹೊಲಿಗೆಯಂತೆ ಎಡ ಬುರುಜಿನಿಂದ ಹೊರಟ ದಾರ ಕಮಾನು ದಾಟಿ ಬಲಕ್ಕೆ ಹೋಗಬೇಕು, ಮರಳುವಾಗ ಬಿಟ್ಟ ಸಂದುಗಳನ್ನೆಲ್ಲ ತುಂಬಿಕೊಂಡು ಹೊರಟಲ್ಲಿಗೇ ಬರಬೇಕು. ಬಾಗಿಲಿನ ಎರಡು ಕದಗಳು ಕಮಾನಿನ ಕಾಲಿಗೆ ಅಂಟಿಕೊಂಡೇ ಓರೆಯಾಗಿ ಹೊರಕ್ಕೆ ಚಾಚಬೇಕು, ಬಿಡಿಯಾಗಿ ನಿಂತರೆ ದಾರಕ್ಕೆ ಮರಳುವ ಹಾದಿಯಿಲ್ಲ. ನಡುವಿನ ಖಾಲಿ ಜಾಗದಲ್ಲಿ ಏನನ್ನೂ ಹಾಕಬಾರದು. ಕತ್ತಿ, ಕುದುರೆ ತುರುಕುವ ಆಸೆಯನ್ನು ಅಲ್ಲಿ ತಡೆದುಕೊಳ್ಳಬೇಕು. ಇಂಥ ಚೀಲವನ್ನು ಹೆಗಲಿಗೆ ಹಾಕಿಕೊಂಡವರಿಗೆ ಕೆಳಗೊಂದು ಹೆಸರು ಬರೆಯದೆಯೂ ಕಿತ್ತೂರು ನೆನಪಾಗುತ್ತದೆ.

ಬೇಂದ್ರೆಯವರ ವಿಷಯದಲ್ಲಿ ಕೆಲಸ ಇನ್ನೂ ನಾಜೂಕಿನದು. ಅವರು 1981ರಲ್ಲಿ ತೀರಿಕೊಂಡದ್ದರಿಂದ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇದೆ. ಒಪ್ಪಿಗೆಯಿಲ್ಲದೆ ಅವರ ಪದ್ಯವನ್ನು ಟಿ-ಷರ್ಟಿಗೆ ಅಚ್ಚು ಹಾಕಿ ಮಾರುವುದು ಸಲ್ಲದು, ಅವರ ಫೋಟೊ ತೆಗೆದವರ ಹಕ್ಕೂ ಬೇರೆಯೇ ಇರುತ್ತದೆ. 1973ರ ಜ್ಞಾನಪೀಠ ತಂದ ‘ನಾಕು ತಂತಿ’ಯ ಹೆಸರಿನಿಂದ ನಾಲ್ಕು ಗೆರೆಗಳ ಆಕೃತಿಯನ್ನು ಕಟ್ಟಲು ಮಾತ್ರ ಯಾರ ಅಡ್ಡಿಯೂ ಇಲ್ಲ. ತಂಬೂರಿಗೂ ಸಾಮಾನ್ಯವಾಗಿ ತಂತಿ ನಾಲ್ಕೇ. ಗಂಗೂಬಾಯಿ ಹಾನಗಲ್ಲರ ಹುಬ್ಬಳ್ಳಿಗೂ ಮಲ್ಲಿಕಾರ್ಜುನ ಮನ್ಸೂರರ ಧಾರವಾಡಕ್ಕೂ ಸಲ್ಲುವ ಗುರುತು ಅದು. ಬೇಂದ್ರೆ ನೆಲೆಸಿದ್ದ ಸಾಧನಕೇರಿಯ ನೀರಿನ ಮೇಲೆ ಆ ನಾಲ್ಕು ಗೆರೆ ಅಲುಗಿದಂತೆ ಮುರಗಿಯ ಅಂಕುಡೊಂಕಿನಲ್ಲಿ ತೆಗೆದರೆ, ಕವಿಯ ಕನ್ನಡಕ, ಕೋಟು, ಕೊಡೆಗಳ ಹಂಗಿಲ್ಲದ ಒಬ್ಬ ಬೇಂದ್ರೆ ನಮಗೆ ಸಿಗುತ್ತಾರೆ.

ಒಂದು ತಾಂತ್ರಿಕ ಮಾತು. ಟಿ-ಷರ್ಟಿನ ಹೆಣೆದ ಬಟ್ಟೆ ಹಿಗ್ಗುತ್ತದೆ, ಅದರ ಎಳೆ ಎಣಿಸಲು ಬರುವುದಿಲ್ಲ. ಕಸೂತಿಗೆ ಮಗ್ಗದ ಬಟ್ಟೆಯೇ ಬೇಕು. ಟಿ-ಷರ್ಟಿಗೆ ಈ ನಮೂನೆಯನ್ನು ಸ್ಕ್ರೀನ್ ಪ್ರಿಂಟ್ ಮಾಡಬಹುದು, ಆದರೆ ಅದನ್ನು ಕಸೂತಿಯೆಂದು ಕರೆದು ಮಾರಬಾರದು. ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇರುವುದು ಕೈಹೊಲಿಗೆಯ ಕಸುಬಿನ ಮೇಲಿನ ಗೌರವದಿಂದ.

ಹೊಸ ನಮೂನೆಯ ಒಡೆತನ ಯಾರದು ಎಂಬ ಪ್ರಶ್ನೆಗೆ ನಮ್ಮ ಚರ್ಚೆಗಳಲ್ಲಿ ಜಾಗವೇ ಸಿಕ್ಕಿಲ್ಲ. ವಿನ್ಯಾಸವಾಗಿ ನೋಂದಾಯಿಸಬಹುದಾದ ನಮೂನೆಯನ್ನು ನೋಂದಾಯಿಸದೆ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಅದರ ಕೃತಿಸ್ವಾಮ್ಯವೇ ಹೋಗುತ್ತದೆ. ಸೋಫಾ ಬಟ್ಟೆಯ ನಮೂನೆಗಳ ಕುರಿತ ಮೈಕ್ರೊಫೈಬರ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2009ರಲ್ಲಿ ಇದನ್ನೇ ಎತ್ತಿಹಿಡಿಯಿತು. ನೋಂದಾಯಿಸಿದರೆ 10 ವರ್ಷ, ಮುಂದೆ 5 ವರ್ಷ ರಕ್ಷಣೆ. ಆದರೆ ಅರ್ಜಿಗೆ ಮೊದಲು ನಮೂನೆ ಹೊರಗೆ ಪ್ರಕಟವಾಗಿರಬಾರದು. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕುವ ಅವಸರ ಇಲ್ಲಿ ದುಬಾರಿಯಾದೀತು. ಇನ್ನೂ ಕಠಿಣವಾದದ್ದು 2000ದ ವಿನ್ಯಾಸ ಕಾಯ್ದೆಯ ಒಡೆತನದ ವ್ಯಾಖ್ಯೆ: ಹಣ ಪಡೆದು ಇನ್ನೊಬ್ಬರಿಗಾಗಿ ಮಾಡಿಕೊಟ್ಟ ವಿನ್ಯಾಸ, ಮಾಡಿಸಿಕೊಂಡವರದು. ಮನೆಯಲ್ಲಿ ಕೂತು ಎಳೆ ಎಣಿಸಿ ಕೋಟೆಯ ಬಾಗಿಲಿಗೆ ಮರಳುವ ಹಾದಿ ಹುಡುಕಿದ ಹೆಣ್ಣುಮಗಳಿಗೆ ಹೊಲಿಗೆಯ ಕೂಲಿಯಷ್ಟೇ ಸಿಕ್ಕಿ, ಚಿತ್ರ ಅಂಗಡಿಯವರ ಹೆಸರಿನಲ್ಲಿ ದಾಖಲಾಗುವ ದಾರಿ ಇದು. ಹೊಲಿದ ಕೂಲಿ ಬೇರೆ, ನಮೂನೆ ಹುಡುಕಿದ ಕೂಲಿ ಬೇರೆ. ಸೂಜಿಗೆ ದಾರ ಪೋಣಿಸುವ ಮೊದಲೇ ಈ ಎರಡನ್ನೂ, ಮಾರಾಟದಲ್ಲಿ ಅವಳ ಪಾಲನ್ನೂ ಕಾಗದದ ಮೇಲೆ ಬರೆದು ಸಹಿ ಮಾಡಿಕೊಳ್ಳುವ ಪದ್ಧತಿಯನ್ನು ಹುಬ್ಬಳ್ಳಿ-ಧಾರವಾಡದ ಕಸೂತಿ ಕೇಂದ್ರಗಳೂ ಮಹಿಳಾ ಸಂಘಗಳೂ ಈಗಲೇ ಶುರು ಮಾಡಬೇಕು.